ಬಿಳಿಜೋಳದ ಸಂಜೆ

ಶಹಾಪುರದ ಕಡೆ ಮನಸ್ಸು ಹಗುರಾಗಲಿ ಎಂದು ರೊಟ್ಟಿ ಬಡಿಯಲು ಕೂರುವವರು ಕಡಿಮೆ. ಇಲ್ಲಿ ಅದು ದಿನಾ ಮಾಡಲೇಬೇಕಾದ ಕೆಲಸ. ನನಗೆ ಮಾತ್ರ ಕಡತ, ಫೋನು, ಸಭೆಗಳ ವಾರ ಮುಗಿದ ಸಂಜೆ ಹಿಟ್ಟಿನ ಡಬ್ಬಿ ತೆರೆದರೆ ಸಾಕು, ಉಸಿರು ಸರಾಗವಾಗುತ್ತದೆ. ಬೇಕರಿಯ ಬ್ರೆಡ್ಡು ನಮ್ಮ ಮನೆಗೂ ಬರುತ್ತದೆ. ಜ್ವರ ಬಂದವರು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಾರೆ. ಆದರೆ ಮನೆಯಲ್ಲಿ ಕೈಯಾರೆ ಮಾಡುವ ಬಿಳಿ ರೊಟ್ಟಿ ಎಂದರೆ ಈ ಸೀಮೆಯಲ್ಲಿ ಬಿಳಿಜೋಳದ್ದೇ.

ಗೋಧಿ ಹಿಟ್ಟಿನಲ್ಲಿ ಗ್ಲೂಟೆನ್ ಎಂಬ ಅಂಟು ಇರುತ್ತದೆ. ಯೀಸ್ಟ್ ಹುಟ್ಟಿಸಿದ ಗಾಳಿಯನ್ನು ಹಿಡಿದಿಟ್ಟು ಬ್ರೆಡ್ಡನ್ನು ಉಬ್ಬಿಸುವುದು ಅದೇ. ಜೋಳಕ್ಕೆ ಆ ಅಂಟು ಇಲ್ಲ. ಅದಕ್ಕೇ ಎಸರು ಬೇಕು. ಪರಾತದಲ್ಲಿ ಹಿಟ್ಟು ಗುಡ್ಡೆ ಹಾಕಿ, ನಡುವೆ ಕುಳಿ ಮಾಡಿ, ಕುದಿಯುವ ನೀರು ಹೊಯ್ದರೆ ಹಿಟ್ಟಿನ ಪಿಷ್ಟ ಉಬ್ಬಿ ಜಿಗಿ ಬಿಡುತ್ತದೆ. ಕೈ ತಾಳುವಷ್ಟು ಆರಿದ ಕೂಡಲೇ ನಾದಬೇಕು. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ಅಂಚು ಒಡೆಯುತ್ತದೆ, ಹಾಗಾಗಿ ನಮ್ಮ ಮನೆಯಲ್ಲಿ ಗಿರಣಿಗೆ ಹೋಗುವುದು ಆಯಾ ವಾರಕ್ಕೆ ಬೇಕಾದಷ್ಟೇ ಜೋಳ. ಅದೂ ಹಿಂಗಾರಿನ ಮಾಲದಂಡಿ ಆದರೆ ಅವ್ವನ ಮುಖ ಅರಳುತ್ತದೆ.

ಆಮೇಲೆ ಬಡಿಯುವುದು. ಒಣಹಿಟ್ಟು ಹರಡಿ, ಉಂಡೆ ಇಟ್ಟು, ಅಂಗೈ ಬಿದ್ದಂತೆಲ್ಲ ರೊಟ್ಟಿ ತಾನೇ ತಿರುಗುತ್ತ ಹಿಗ್ಗುತ್ತದೆ. ಹಿಟ್ಟು ಹತ್ತಿದ ಮೈ ಮೇಲಾಗಿ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಬೇಕು. ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಬೇಗ ಮಗುಚಿದರೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ. ಒಳಗಿನ ನೀರು ಉಗಿಯಾಗಿ ಎರಡು ಪದರ ಬಿಡಿಸಿಕೊಂಡು ರೊಟ್ಟಿ ಪೂರಾ ಉಬ್ಬುವಾಗ ನನಗೆ ಆಗುವ ಸಂತೋಷ ಇಷ್ಟು ವರ್ಷವಾದರೂ ಒಂಚೂರೂ ಕಡಿಮೆಯಾಗಿಲ್ಲ. ಹಂಚಿನ ಮೇಲೊಂದು, ಕೈಯಡಿಯಲ್ಲಿ ಇನ್ನೊಂದು. ನಿನ್ನೆ ಯಾರೋ ಆಡಿದ ಮಾತನ್ನು ಮೆಲುಕು ಹಾಕಲು ನಡುವೆ ಜಾಗವೇ ಇರುವುದಿಲ್ಲ. ಹಿಟ್ಟಿನ ಕೈಯಲ್ಲಿ ಫೋನು ಮುಟ್ಟಲೂ ಆಗದು. ನನಗೆ ಆರಾಮ ಸಿಗುವುದು ಸುಮ್ಮನೆ ಕೂತಾಗಲ್ಲ, ಹೀಗೆ ಕೈ ತುಂಬ ಕೆಲಸ ಇದ್ದಾಗ.

ಇದನ್ನೇ ಓಣಿಯ ಅತ್ತಿಯೊಬ್ಬರ ಮುಂದೆ ಹೇಳಿದೆ. ಅವರು ಮನೆಯಲ್ಲೇ ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಓದಿಸಿದವರು. "ನಿನಗ ಬ್ಯಾಡ ಅಂದ್ರ ಬಿಡಬಹುದು ತಮ್ಮಾ, ಅದಕ್ಕ ಆರಾಮ ಅನ್ನಸ್ತದ. ನನಗ ರಟ್ಟಿ ಬಿದ್ದು ಹೋಗ್ಯಾವ" ಅಂದರು. ಅವರ ಮಾತು ಪೂರಾ ನಿಜ. ಯಾದಗಿರಿ, ಸುರಪುರದ ಖಾನಾವಳಿಗಳಲ್ಲಿ ನಾವು ಎರಡನೆಯ, ಮೂರನೆಯ ಬಿಸಿ ರೊಟ್ಟಿ ಕೇಳುವಾಗ ಒಳಗೆ ಒಲೆಯ ಝಳದಲ್ಲಿ ಬಡಿಯುವ ಕೈಗಳಿಗೆ ಬಿಡುವೆಂಬುದಿಲ್ಲ. ಆ ದುಡಿಮೆಗೆ ಸಿಗಬೇಕಾದ ಕಾಸು ಸಿಗಬೇಕು. ಒಂದು ರೊಟ್ಟಿಗೆ ಇಷ್ಟೇಕೆ ಎಂದು ಚೌಕಾಸಿ ಮಾಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಜೋಳವೂ ಮೊದಲಿನಷ್ಟು ಬೆಳೆಯುತ್ತಿಲ್ಲ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯಲ್ಲಿ ಕೃಷ್ಣೆ ಹರಿದು ಬಂದ ಮೇಲೆ ಸುರಪುರ, ಶಹಾಪುರದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ನೀರು ಕಾಣದ ನೆಲಕ್ಕೆ ನೀರು ಬಂದಿದ್ದು ದೊಡ್ಡ ಮಾತು. ದುಡಿಯಲು ಊರು ಬಿಡುವುದು ತಪ್ಪಿದ ಮನೆಗಳು ನನ್ನ ಕಣ್ಣ ಮುಂದಿವೆ. ಆದರೂ ಮನೆಯ ರೊಟ್ಟಿಗೆ, ದನಗಳ ಕಣಿಕೆಗೆ ಆಗುವಷ್ಟಾದರೂ ಎರೆಹೊಲದಲ್ಲಿ ಜೋಳ ಉಳಿಯಲಿ ಎಂಬುದು ನನ್ನ ಆಸೆ.

ಅತ್ತಿಯ ಮಾತು ಕೇಳಿದ ಮೇಲೆ ನನ್ನ ಸಂಜೆಯಲ್ಲಿ ಒಂದು ಬದಲಾವಣೆ ಆಯಿತು. ನಮ್ಮ ಮನೆಗಳಲ್ಲಿ ರೊಟ್ಟಿ ಬಡಿದವಳು ಉಣ್ಣುವುದು ಎಲ್ಲರ ಕೊನೆಗೆ, ಬುಟ್ಟಿಯ ತಳದಲ್ಲಿ ಮೆತ್ತಗಾಗಿ ಆರಿದ್ದನ್ನು. ಅವ್ವ ಜೀವಮಾನವಿಡೀ ಹಾಗೇ ಉಂಡಳು. ಈಗ ಅವಳನ್ನು ಒಲೆಯ ಪಕ್ಕದಲ್ಲೇ ಕೂರಿಸಿ, ತಾಟಿಗೆ ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿ, ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಅವಳಿಗೇ ಹಾಕುತ್ತೇನೆ. "ಅಂಚು ದಪ್ಪ ಆಗ್ಯದ ನೋಡು" ಅಂತಾಳೆ. ಅದನ್ನು ಮುಗಿಸಿ, "ಇನ್ನೊಂದು ಹಾಕು" ಅಂತಾಳೆ.