ಸೀರಿ ಹೊದ್ದು ನಿಂತ ಗಾಡಿ

ನಮ್ಮ ಅಂಗಳದಾಗ ನಾಲ್ಕು ತಿಂಗಳ ಒಂದು ಮೋಟರ್ ಸೈಕಲ್ ನನ್ನ ಹಳೇ ಸೀರಿ ಹೊದ್ಕೊಂಡು ನಿಂತಿತ್ತು. ಅರಿಶಿಣ ಕುಂಕುಮಕ್ಕ ಬಂದವರೆಲ್ಲಾ ಅದನ್ನ ನೋಡಿ, "ಯಾಕ್ರೀ, ಗಾಡಿ ಇದ್ದೂ ನಿಮ್ಮ ಹುಡುಗ ಬಸ್ಸಿಗೆ ಹೋಗ್ತಾನಲ್ಲ?" ಅಂತ ಕೇಳೋರು. "ರಿಪೇರಿ ಅದರೀ" ಅಂತ ಹೇಳಿ ಮಾತು ಹಾರಸ್ತಿದ್ದೆ. ರಿಪೇರಿ ಏನೂ ಇರಲಿಲ್ಲ. ಗಾಡಿ ಒಂದ ಕಿಕ್ಕಿಗೆ ಚಾಲೂ ಆಗ್ತಿತ್ತು. ಇಲ್ಲದ್ದು ಅದರ ಕಾಗದ. ಈಗ ಎಲ್ಲಾ ಮುಗದದ, ಅದಕ್ಕ ಖರೇ ಏನಿತ್ತು ಅಂತ ಹೇಳ್ತೇನಿ. ನಿಮ್ಮ ಮನ್ಯಾಗೂ ಹಳೇ ಗಾಡಿ ತಗೊಳ್ಳೋರು ಇರ್ತಾರ, ಮಾರೋರೂ ಇರ್ತಾರ.

ನನ್ನ ಮಗಗ ಇಲ್ಲೇ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ನೌಕರಿ ಹತ್ತಿತು. ಮುಂಜಾನೆ ಆರರ ಶಿಫ್ಟು. ಕತ್ತಲದಾಗ ಎದ್ದು ಡಬ್ಬಿ ಕಟಗೊಂಡು ಬಸ್ಸಿಗೆ ಓಡೋದನ್ನ ನೋಡ್ಲಿಕ್ಕೆ ನನ್ನ ಕಡಿಂದ ಆಗ್ತಿರಲಿಲ್ಲ. ಹೊಸಾ ಗಾಡಿ ಅಂದ್ರ ಲಕ್ಷದ ಮಾತು. ಅವನ ಗೆಳೆಯ ಒಬ್ಬ ಗ್ಯಾರೇಜಿನವನ್ನ ತೋರಿಸಿದ. 2014ರ ಗಾಡಿ, 28,000ಕ್ಕ ಕೊಡ್ತೇನಿ ಅಂದ. ಅಂಥಾ ಗಾಡಿ ಬ್ಯಾರೆ ಕಡೆ ನಲವತ್ತರ ಕೆಳಗ ಸಿಗ್ತಿರಲಿಲ್ಲ.

ನಮ್ಮನಿಯವರು ಕೇಳಿದ್ದು ಒಂದ ಮಾತು: "ಆರ್‌ಸಿ ಎಲ್ಲೆ?"

"ಎಲ್ಲೋ ಕಳದದರೀ ಸಾಹೇಬ್ರ. ಎಂಟು ದಿನದಾಗ ಡುಪ್ಲಿಕೇಟ್ ತಗಸಿ ಕೊಡ್ತೇನಿ."

ಇವರು ಬ್ಯಾಡ ಅಂದ್ರು. ಹಟಾ ಹಿಡದಾಕಿ ನಾನ. ನನ್ನ ಭಿಶಿ ರೊಕ್ಕ ತಗದು ಕೊಟ್ಟೆ. ಹಂಗಾಗಿ ಮುಂದ ಆದದ್ದರಾಗ ಯಾರ ತಪ್ಪು ಅಂತ ಕೇಳಿದ್ರ, ಮೊದಲನೇ ಹೆಸರು ನಂದ.

ಎಂಟು ದಿನ ಹೋಗಿ ಎರಡು ತಿಂಗಳ ಆತು. ಗ್ಯಾರೇಜಿನವ ಫೋನ್ ಎತ್ತೋದು ಬಿಟ್ಟ. ಒಂದು ದಿನ ಮಗ ಮೊಬೈಲಿನಾಗ ಎಂಪರಿವಾಹನ್ ಆ್ಯಪ್ ತಗದು ಗಾಡಿ ನಂಬರ್ ಹಾಕಿ ನೋಡಿದ. ಮಾಲಕನ ಹೆಸರು ಅರ್ಧಾ ಕಾಣತಿತ್ತು, ಅರ್ಧಾ ಚುಕ್ಕಿ. ಇನ್ಶುರನ್ಸ್ ಮುಗದು ವರ್ಷದ ಮ್ಯಾಲೆ ಆಗಿತ್ತು. ಒಂದು ಬ್ಯಾಂಕಿನ ಸಾಲ ಇನ್ನೂ ಗಾಡಿ ಮ್ಯಾಲೆ ಅದ ಅಂತ ತೋರಸ್ತಿತ್ತು. ಅವತ್ತ ನನ್ನ ಹೊಟ್ಟ್ಯಾಗ ಕಲ್ಲು ಬಿದ್ದಂಗಾತು. ಎರಡು ತಿಂಗಳ ನನ್ನ ಮಗ ಅದನ್ನ ಹೈವೇ ಮ್ಯಾಲೆ ಹೊಡದಿದ್ದ.

ಬಾಜೂ ಮನಿ ವಕೀಲರ ಹತ್ರ ಹೋಗಿ ಕೂತ್ವಿ. ಅವರು ಹೇಳಿದ್ದು ನನಗ ತಿಳದಂಗ ಹೇಳ್ತೇನಿ. ಮೋಟರು ವಾಹನ ಕಾಯ್ದೆ ಪ್ರಕಾರ ಗಾಡಿ ಯಾರ ಮನಿ ಮುಂದ ನಿಂತದ ಅನ್ನೋದು ಲೆಕ್ಕಕ್ಕಿಲ್ಲ. ರಿಜಿಸ್ಟರಿನಾಗ ಯಾರ ಹೆಸರು ಅದನೋ ಅವರ ಮಾಲಕರು. 2018ರಾಗ ಸುಪ್ರೀಂ ಕೋರ್ಟು ಒಂದು ಕೇಸಿನಾಗ ಇದನ್ನ ಹೇಳೇದಂತ. ಗಾಡಿ ಮೂರು ನಾಲ್ಕು ಕೈ ದಾಟಿ ಹೋಗಿದ್ರೂ, ಅಪಘಾತದ ಪರಿಹಾರ ಕಾಗದದಾಗ ಹೆಸರು ಉಳದವರ ತಲಿ ಮ್ಯಾಲೆ ಬಂದಿತ್ತು. "ನಿಮ್ಮ ಹುಡುಗ ಯಾರಿಗಾದ್ರೂ ಗುದ್ದಿದ್ರ, ಇನ್ಶುರನ್ಸ್ ಬ್ಯಾರೆ ಇಲ್ಲ, ನಿಮಗೂ ತ್ರಾಸು, ಯಾವ ಸಂಬಂಧನೂ ಇಲ್ಲದ ಆ ಮನುಷ್ಯಾಗೂ ಕೋರ್ಟು" ಅಂದ್ರು. ಅವತ್ತ ಸಂಜಿಕ ಗಾಡಿಗೆ ಸೀರಿ ಹೊದಿಸಿದ್ದು.

ಮರುದಿನ ನಾನೂ ಇವರೂ ಗ್ಯಾರೇಜಿಗೆ ಹೋಗಿ ಕೂತು ಬಿಟ್ವಿ. ಮಧ್ಯಾಹ್ನದ ತನಕಾ ಕೂತ ಮ್ಯಾಲೆ ಅವ ಬಾಯಿ ಬಿಟ್ಟ. ಗಾಡಿ ಮಾಲಕ ತೀರಿಕೊಂಡಾನ, ನವಲಗುಂದ ಕಡೆ ಹಳ್ಳಿಯವ. ಅವನ ತಮ್ಮ ತಂದು 17,000ಕ್ಕ ಕೊಟ್ಟು ಹೋಗ್ಯಾನ.

ಗ್ಯಾರೇಜಿನವನ ಗುರ್ತಿನ ಏಜೆಂಟ್ ಒಬ್ಬ ಅಲ್ಲೇ ಇದ್ದ. "6,000 ಕೊಡ್ರಿ ಅಕ್ಕಾರ, ಎಲ್ಲಾ ನಾ ನೋಡ್ಕೋತೇನಿ. ಆರ್‌ಸಿ ಬಸ್ ಸ್ಟ್ಯಾಂಡಿನಾಗ ಬಿತ್ತು ಅಂತ ಕಂಪ್ಲೇಂಟ್ ಹಾಕೋಣು, ಸಹಿ ನಾವ ಮಾಡ್ಕೋತೇವಿ" ಅಂದ.

"ಯಾರ ಸಹಿ?"

"ಮಾಲಕಂದು. ಸತ್ತಾಂವ ಬಂದು ಕೇಳ್ತಾನೇನ್ರೀ?"

ಮನಿಗೆ ಬಂದು ಟ್ರೆಜರಿ ತಗದು 6,000 ಎಣಿಸಿ ಇಟ್ಟದ್ದೂ ಖರೇ, ಮುಚ್ಚಿಡೂದಿಲ್ಲ. ರಾತ್ರಿ ನಿದ್ದಿ ಬರಲಿಲ್ಲ. ಸತ್ತಾಂವ ಬಂದು ಕೇಳೂದಿಲ್ಲ, ಆದ್ರ ಅವನ ಮನ್ಯಾಗ ಕೇಳೋರು ಯಾರರ ಇರಬೇಕಲ್ಲ? ಮುಂಜಾನೆ ಎದ್ದು ರೊಕ್ಕ ತಿರುಗಿ ಒಳಗಿಟ್ಟು, ಇವರಿಗೆ "ನವಲಗುಂದದ ಬಸ್ಸು ಎಷ್ಟಕ್ಕದ ನೋಡ್ರಿ" ಅಂದೆ.

ಊರಾಗ ಮನಿ ಹುಡುಕೋದು ತ್ರಾಸಾಗಲಿಲ್ಲ. ಆಕಿಗೆ ಮೂವತ್ತರ ಸುಮಾರು ವಯಸ್ಸು, ಎರಡು ಸಣ್ಣ ಹುಡುಗರು. ಹತ್ತಿ ಬಿಡಿಸಿ ಆಗಷ್ಟ ಹೊಲದಿಂದ ಬಂದಿದ್ಲು. ನಾವು ಗಾಡಿ ಮಾತು ತಗದಕೂಡ್ಲೆ ಅಂದ್ಲು: "ಗಾಡಿ ಧಾರವಾಡದಾಗ ರಿಪೇರಿಗೆ ಬಿಟ್ಟೈತಿ ಅಂತ ಮೈದುನ ಹೇಳ್ಯಾನ್ರಿ. ಹುಡುಗ ದೊಡ್ಡಾಂವ ಆದಮ್ಯಾಲೆ ಹೊಡಿತಾನಂತ ಇಟ್ಟೇನಿ."

ನಾ ಏನ ಹೇಳ್ಲಿ? ಇವರು ಚಪ್ಪಲಿ ಕಡೆ ನೋಡ್ಕೋತ ಕೂತ್ರು. ಕಡೀಕೆ ನಾನ ಹೇಳಿದೆ, ಗಾಡಿ ಮಾರ್ಯಾರ, ನಾವ ತಗೊಂಡೇವಿ ಅಂತ. ಆಕಿ ಅಳಲಿಲ್ಲ. ಒಳಗ ಹೋಗಿ ನೀರು ಕುಡದು ಬಂದ್ಲು. "ಸಹಿ ಮಾಡ ಅಂತ ಬಂದೀರೇನು? ಅವರು ಹೋದ ಮ್ಯಾಲೆ ಮಂದಿ ಬರೇ ಸಹಿ ಮಾಡಸಾಕ ಬರ್ತಾರ್ರಿ. ನಾ ಮಾಡಂಗಿಲ್ಲ."

ಅವತ್ತ ಬರೇ ಚಹಾ ಕುಡದು ಬಂದ್ವಿ. ಆಕಿ ಹೇಳಿದ್ದರಾಗ ತಪ್ಪೇನೂ ಇರಲಿಲ್ಲ. ನಾನೂ ಇಷ್ಟು ವರ್ಷ ಇವರು ತೋರಿಸಿದಲ್ಲೆ ಸಹಿ ಮಾಡಿದಾಕಿನ, ಓದಿ ಮಾಡಿದ್ದು ಒಂದೂ ನೆನಪಿಲ್ಲ.

ವಕೀಲರಿಗೆ ಕೇಳಿದಾಗ ಒಂದು ಮಾತು ಹೇಳಿದ್ರು, ಇದನ್ನ ನೀವೆಲ್ಲಾ ತಿಳಕೊಂಡಿರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆ ಒಳಗ, ಗಂಡಸು ಉಯಿಲು ಬರೀದ ತೀರಿಕೊಂಡ್ರ ಅವನ ಸ್ವಂತ ಸಾಮಾನು ಮೊದಲು ಹೋಗೂದು ಹೆಂಡತಿಗೆ, ಮಕ್ಕಳಿಗೆ, ಅವನ ತಾಯಿಗೆ. ಇವರು ಇರೋತನಕಾ ತಮ್ಮಗ ಪಾಲಿಲ್ಲ. ಅಂದ್ರ ಮೈದುನಗ ಆ ಗಾಡಿ ಮಾರೋ ಹಕ್ಕ ಇರಲಿಲ್ಲ, ಗ್ಯಾರೇಜಿನವಗೂ ಇರಲಿಲ್ಲ. ನಾವು 28,000 ಕೊಟ್ಟು ತಗೊಂಡದ್ದು ಆಕಿ ಗಾಡಿನ.

ಮನ್ಯಾಗ ಮೂರು ದಿನ ಜಗಳ ನಡೀತು. ಗಾಡಿ ಆಕಿಗೆ ತಿರುಗಿ ಕೊಟ್ಟುಬಿಡೋಣ ಅಂತ ಮಗ ಅಂದ. ಆಕಿಗೆ ಗಾಡಿಗಿಂತ ರೊಕ್ಕದ ಗರಜು ಇರಬಹುದು, ಕೇಳಿ ನೋಡೋಣ ಅಂತ ನಾ ಅಂದೆ. ಇವರು ಗ್ಯಾರೇಜಿಗೆ ಹೋಗಿ, ಪೊಲೀಸ್ ಸ್ಟೇಶನ್ನಿಗೆ ನಡಿ ಅಂದ ಮ್ಯಾಲೆ ಅವ 8,000 ತಿರುಗಿ ಕೊಟ್ಟ. ನಾವು 7,000 ಕೂಡಿಸಿದ್ವಿ. ಎರಡನೇ ಸಲ ಹಳ್ಳಿಗೆ ಹೋಗುವಾಗ ವಕೀಲರ ಹೆಂಡತಿನ್ನ ಜೋಡಿ ಕರಕೊಂಡು ಹೋದೆ. ಪ್ರತಿ ಫಾರ್ಮೂ ಕನ್ನಡದಾಗ ಓದಿ, ಇದು ಯಾತಕ್ಕ, ಇದರಾಗ ಹೊಲದ ಮಾತಿಲ್ಲ, ಮನಿ ಮಾತಿಲ್ಲ, ಗಾಡಿ ನಂಬರ್ ಒಂದ ಅದ ಅಂತ ತೋರಿಸಿದ್ವಿ. ಗಾಡಿ ಬೇಕೋ ರೊಕ್ಕ ಬೇಕೋ ಅಂತ ಆಕಿಗೇ ಬಿಟ್ವಿ.

ಆಕಿ ಭಾಳ ಹೊತ್ತು ಸುಮ್ಮನ ಇದ್ದು, "ರೊಕ್ಕ ನನ್ನ ಖಾತೆಕ್ಕ ಹಾಕ್ರಿ. ಕೈಯಾಗ ಬ್ಯಾಡ, ಮೈದುನನ ಕೈಯಾಗಂತೂ ಬ್ಯಾಡ" ಅಂದ್ಲು.

ಅತ್ತಿದೂ ಒಪ್ಪಿಗಿ ಬೇಕಿತ್ತು. ಮಾರಿದಾಂವ ಆಕಿ ಹೊಟ್ಟ್ಯಾಗ ಹುಟ್ಟಿದ ಮಗ, ಹಂಗಾಗಿ ನನಗ ಅಂಜಿಕಿ ಇತ್ತು. ಕಟ್ಟಿ ಮ್ಯಾಲೆ ಕೂತ ಮುದುಕಿ ಎಲ್ಲಾ ಕೇಳಿಸ್ಕೊಂಡು, "ಅವ ನನಗೂ ಹೇಳಿಲ್ಲ. ಎಲ್ಲೆ ಒತ್ತಬೇಕು ತೋರಸ್ರಿ" ಅಂತ ಹೆಬ್ಬಟ್ಟು ಮುಂದ ಮಾಡಿದ್ಲು.

ಇನ್ನ ಕಾಗದದ ಕೆಲಸ. ಆಕಿ ಟ್ರಂಕು ತಗದು ಹುಡುಕಿದ್ಲು. ಆರ್‌ಸಿ ಸಿಗಲಿಲ್ಲ. ಮದವಿ ಸೀರಿ ಕೆಳಗ ಬ್ಯಾಂಕಿನ ಪತ್ರ ಸಿಕ್ಕಿತು, ಸಾಲ ಪೂರ್ತಿ ತೀರೇದ ಅಂತ. ಸಾಲ ತೀರಿದ್ರೂ ಆರ್‌ಟಿಓ ದಾಖಲೆದಾಗ ಯಾರೂ ತಗಸಿರಲಿಲ್ಲ. ಮರಣ ಪ್ರಮಾಣಪತ್ರ ವಿಧವಾ ವೇತನಕ್ಕಂತ ಮಾಡಿಸಿದ್ದು ಲ್ಯಾಮಿನೇಶನ್ ಆಗಿ ಇತ್ತು. ನಾಡಕಚೇರಿಯಿಂದ ವಂಶವೃಕ್ಷ ತಗಸಿದ್ವಿ.

ಆರ್‌ಸಿ ಕಳದದ್ದಕ್ಕ ಪೊಲೀಸರಿಗೆ ಬರದು ಕೊಡಬೇಕು. ಬಸ್ ಸ್ಟ್ಯಾಂಡಿನ ಕಥಿ ಏನೂ ಬರೀಲಿಲ್ಲ. "ಗಂಡ ತೀರಿಕೊಂಡ ಮ್ಯಾಲೆ ಮನ್ಯಾಗ ಹುಡುಕಿದ್ರ ಸಿಕ್ಕಿಲ್ಲ" ಅಂತ ಆಕಿ ಇದ್ದದ್ದು ಇದ್ದಂಗ ಬರಸಿದ್ಲು, ಅವರು ತಗೊಂಡ್ರು. ಆ ಚೀಟಿ ಜೋಡಿ ಡುಪ್ಲಿಕೇಟ್ ಆರ್‌ಸಿಗೆ ಫಾರ್ಮ್ 26. ತೀರಿಕೊಂಡವರ ಹೆಸರಿನಿಂದ ಆಕಿ ಹೆಸರಿಗೆ ಬರಲಿಕ್ಕೆ ಫಾರ್ಮ್ 31, ಅದರ ಜೋಡಿ ಬಾಕಿ ವಾರಸುದಾರರ ಒಪ್ಪಿಗಿ ಅಫಿಡವಿಟ್. ಬ್ಯಾಂಕಿನ ಹೆಸರು ತಗೀಲಿಕ್ಕೆ ಫಾರ್ಮ್ 35. ಅದಾದ ಮ್ಯಾಲೆ ಆಕಿಯಿಂದ ನನ್ನ ಮಗನ ಹೆಸರಿಗೆ ಬರಲಿಕ್ಕೆ ಫಾರ್ಮ್ 29 ಮತ್ತ 30. ಹೊಸಾ ಇನ್ಶುರನ್ಸ್, ಹೊಗೆ ತಪಾಸಣೆ ಚೀಟಿ, ಆಧಾರ್, ಫೋಟೋ. ಮಾಲಕರು ತೀರಿಕೊಂಡದ್ದನ್ನ ವಾರಸುದಾರರು 30 ದಿನದಾಗ ಆರ್‌ಟಿಓಗೆ ತಿಳಸಬೇಕು, ಮೂರು ತಿಂಗಳದಾಗ ಹೆಸರು ಬದಲಿ ಮಾಡ್ಲಿಕ್ಕೆ ಅರ್ಜಿ ಹಾಕಬೇಕು ಅಂತ ನಿಯಮ ಅದ. ಆಕಿಗೆ ಯಾರು ಹೇಳಬೇಕು? ತಡ ಆಗಿದ್ದಕ್ಕ ದಂಡ ನಾವ ಕಟ್ಟಿದ್ವಿ.

ಇದರಾಗ ನನಗ ಮೋಜು ಅನಿಸಿದ್ದು ಒಂದ. ಗಾಡಿ ಹ್ಯಾಂಡಲಿನ ಕೆಳಗ ಕಬ್ಬಿಣದ ಮ್ಯಾಲೆ ಕೊರದ ಚಾಸಿ ನಂಬರ್ ಇರ್ತದ. ಅದರ ಮ್ಯಾಲೆ ಹಾಳಿ ಇಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತಗದು ಕೊಡಬೇಕು. ಸಣ್ಣವರಿದ್ದಾಗ ನಾಣ್ಯದ ಮ್ಯಾಲೆ ತಿಕ್ತಿದ್ವಲ್ಲ, ಹಂಗ. ಗಂಡಸರ ಕೈಯಾಗ ಹಾಳಿ ಎರಡು ಸಲ ಹರೀತು. ಮೂರನೇದ್ದು ನಾ ತಗದೆ. ಒಂದೊಂದ ಅಂಕಿ ಎದ್ದು ಬಂದಾಗ ಆ್ಯಪಿನಾಗ ನೋಡಿದ್ದಕ್ಕ ತಾಳಿ ಹಚ್ಚಿ ನೋಡಿದ್ವಿ, ಸರಿ ಇತ್ತು. ಕಳವಿನ ಗಾಡಿ ಇದ್ರ ಇಲ್ಲೇ ಸಿಕ್ಕಬೀಳ್ತದಂತ. ಖರೇ ಹೇಳಬೇಕಂದ್ರ ಇದನ್ನ ನಾವು ರೊಕ್ಕ ಕೊಡೂಕಿಂತ ಮೊದಲ ಮಾಡಬೇಕಿತ್ತು.

ಹೊಸಾ ಆರ್‌ಸಿ ಪೋಸ್ಟಿನಾಗ ಬಂದಾಗ ನಾಲ್ಕು ತಿಂಗಳ ಆಗಿತ್ತು. ಲೆಕ್ಕಾ ಹಾಕಿದ್ರ ಗಾಡಿ ನಮಗ 35,000ಕ್ಕ ಬಿತ್ತು, ಫೀಜು, ದಂಡ, ಓಡಾಟ ಬ್ಯಾರೆ. "ಒಂದ ಗಾಡಿಗೆ ಎರಡು ಸಲ ರೊಕ್ಕ ಕೊಟ್ಟ ಶಾಣ್ಯಾರು" ಅಂತ ನಮ್ಮ ಭಾವನವರು ನಕ್ರು. ನಗಲಿ. ಮಗ ಈಗ ಮುಂಜಾನೆ ಗೇಟ್ ದಾಟೂ ಮುಂದ ನಾ ಮಲಕೊಂಡಿರ್ತೇನಿ, ಎದ್ದು ಕೂಡೂದಿಲ್ಲ.

ಮೊನ್ನೆ ಆಕಿ ಫೋನ್ ಮಾಡಿದ್ಲು. ಮೈದುನ ಮಾತು ಬಿಟ್ಟಾನಂತ. ಅದಕ್ಕ ನಾ ಸಮಾಧಾನ ಹೇಳ್ಲಿಕ್ಕೆ ಹೋದ್ರ, ಆಕಿನ ನಡಬರಕ ಅಂದ್ಲು: "ಹೊಲದ ಉತಾರ ತಗಸೇನ್ರಿ ಅಕ್ಕಾರ. ಅದರಾಗ ಇನ್ನೂ ಇವರ ಹೆಸರ ಐತಿ. ಈಗ ಅದಕ್ಕ ಹಚ್ಚಬೇಕು. ವಕೀಲರನ್ನ ಒಂದು ಮಾತು ಕೇಳ್ರಿ."

ಕೇಳೇನಿ. ಬರೋ ಸೋಮವಾರ ಬರ್ತಾಳ. ನೀವೂ ಇವತ್ತ ಟ್ರೆಜರಿ ತಗದು ಒಂದಷ್ಟು ಕಾಗದ ನೋಡ್ರಿ. ಹೋದ ವರ್ಷ ನಿಮ್ಮನಿಯವರು ಮಾರಿದ ಸ್ಕೂಟರ್ ಇನ್ನೂ ಯಾರ ಹೆಸರಿಗೆ ಅದ ಅಂತ ಅವರನ್ನ ಕೇಳ್ರಿ. "ನಿನಗ್ಯಾಕ ಬೇಕು ಅದೆಲ್ಲಾ" ಅಂದ್ರ, ನನ್ನ ಹೆಸರು ಹೇಳ್ರಿ.