ಮುಳ್ಳೂರು ದಾಟಿ ಬಂದ ನೀರು

ಮೈಸೂರಿನಿಂದ ನರಸೀಪುರ, ಮೂಗೂರು ದಾಟಿ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಎಲ್ಲೂ ಗಡಿ ದಾಟಿದಂತೆ ಅನ್ನಿಸುವುದಿಲ್ಲ. ಅದೇ ಭತ್ತದ ಗದ್ದೆ, ಅದೇ ಕಬ್ಬು, ಅದೇ ತೆಂಗು, ಅದೇ ಮಾತು. ಆದರೆ 1956ರ ನವೆಂಬರ್ 1ಕ್ಕೆ ಮುಂಚೆ ಹೊರಟಿದ್ದರೆ ಮೈಸೂರು ರಾಜ್ಯ ಬಿಟ್ಟು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಬಂದಿಳಿಯುತ್ತಿದ್ದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿಯ ಪಾಲಾಯಿತು. ಒಂದೂವರೆ ಶತಮಾನ ಈ ಕನ್ನಡದ ಊರುಗಳ ಕಚೇರಿ ವ್ಯವಹಾರ ಕೊಯಮತ್ತೂರಿನ ಕಡೆಗಿತ್ತು.

ನಾನು ಹೊರಟಿದ್ದು ಮುಳ್ಳೂರಿಗೆ. ಆದರೂ ಮೊದಲು ಯಳಂದೂರು ನೋಡಿಕೊಂಡೆ. ಕೊಳ್ಳೇಗಾಲದ ಪಕ್ಕದಲ್ಲೇ ಇದ್ದರೂ ಆ ಊರು ಮೈಸೂರಿನಲ್ಲೇ ಉಳಿದಿತ್ತು, ಅದೂ ಜಹಗೀರಾಗಿ. ಮುಮ್ಮಡಿ ಕೃಷ್ಣರಾಜ ಒಡೆಯರು 1807ರಲ್ಲಿ ಇದನ್ನು ದಿವಾನ್ ಪೂರ್ಣಯ್ಯನವರಿಗೆ ಕೊಟ್ಟರು. ಅದಕ್ಕೂ ಹಿಂದೆ ಇದು ಹದಿನಾಡಿನ ಪಾಳೆಯಗಾರರ ಊರು, ಕವಯಿತ್ರಿ ಸಂಚಿಯ ಹೊನ್ನಮ್ಮನ ಊರು, ಚಿಕ್ಕದೇವರಾಜ ಒಡೆಯರ ಮಂತ್ರಿ ವಿಶಾಲಾಕ್ಷ ಪಂಡಿತನ ಊರು. ಕವಿ ಷಡಕ್ಷರದೇವನ ಗದ್ದುಗೆ ಇರುವುದೂ ಇಲ್ಲೇ. ಇಷ್ಟು ಸಣ್ಣ ಪೇಟೆಗೆ ಇಷ್ಟೊಂದು ಹೆಸರು!

ಗೌರೀಶ್ವರ ದೇವಸ್ಥಾನದ ಮುಂದಿನ ಬಳೆಮಂಟಪದಲ್ಲಿ ಬಹಳ ಹೊತ್ತು ನಿಂತೆ. ಹದಿನೇಳನೇ ಶತಮಾನದ ನಡುವೆ ಹದಿನಾಡಿನ ಮುದ್ದರಾಜ ಕಟ್ಟಿಸಿದ್ದು ಇದು. ಕಂಬಕ್ಕೆ, ಗೋಡೆಗೆ ಒಂದಿಷ್ಟೂ ಜಾಗ ಬಿಡದೆ ಶಿಲ್ಪಿಗಳು ದೇವರು, ದ್ವಾರಪಾಲಕರು, ಶರಣರನ್ನು ತುಂಬಿದ್ದಾರೆ. ಆದರೆ ಬಂದವರ ಕಣ್ಣು ಹೋಗುವುದು ಚಾವಣಿಯ ಮೂಲೆಗೆ. ಅಲ್ಲಿಂದ ಕಲ್ಲಿನ ಬಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಸರಪಳಿಯಾಗಿ ಇಳಿಬಿದ್ದಿವೆ. ಬೆಸುಗೆಯ ಗುರುತಿಗಾಗಿ ಹುಡುಕಿದರೆ ಸಿಗುವುದಿಲ್ಲ. ಒಂದೇ ಕಲ್ಲನ್ನು ಒಳಗೊಳಗೇ ಕೊರೆದು ಬಿಡಿಸಿದ ಬಳೆಗಳಿವು. ಒಂದು ಏಟು ತಪ್ಪಿದ್ದರೂ ಪೂರಾ ಸರಪಳಿ ಹಾಳು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ತಮ್ಮ ಕೈಬಳೆಯನ್ನೊಮ್ಮೆ ತಿರುಗಿಸಿ ನೋಡಿ, 'ಅದೆಂಗ್ ಮಾಡಿದ್ರೋ ಕನಪ್ಪ' ಅಂದರು. ನನಗೂ ಅದಕ್ಕಿಂತ ಹೆಚ್ಚಿನ ವಿಮರ್ಶೆ ಹೊಳೆಯಲಿಲ್ಲ.

ಕೊಳ್ಳೇಗಾಲಕ್ಕೆ ವಾಪಸು ಬಂದು, ಕಾಫಿ ಕುಡಿದು, ಆಟೊ ಹಿಡಿದು ಮುಳ್ಳೂರಿಗೆ ಹೊರಟೆ. ಈ ಊರು ಪ್ರವಾಸಿಗರ ಪಟ್ಟಿಯಲ್ಲಿಲ್ಲ. ಪತ್ರಿಕೆಯಲ್ಲಿ ಇದರ ಹೆಸರು ಕಾಣುವುದು ಹೆಚ್ಚಾಗಿ ಮಳೆಗಾಲದಲ್ಲಿ, ದಾಸನಪುರ, ಹರಳೆ, ಹಳೇ ಹಂಪಾಪುರ, ಹಳೇ ಅಣಗಳ್ಳಿಗಳ ಜೊತೆ, ಕಾವೇರಿ ಉಕ್ಕಿದಾಗ. ಕಾರಣ ಸರಳ. ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ಕಾವೇರಿ, ಬೀಚನಹಳ್ಳಿ ಕಟ್ಟೆಯಿಂದ ಬಿಟ್ಟ ಕಬಿನಿ ಎರಡೂ ನರಸೀಪುರದಲ್ಲಿ ಕೂಡಿ ಇತ್ತ ಬರುತ್ತವೆ. ಕೊಡಗಿನಲ್ಲೂ ವಯನಾಡಿನಲ್ಲೂ ಒಟ್ಟಿಗೆ ಮಳೆ ಹಿಡಿದರೆ ಅದರ ಲೆಕ್ಕ ಈ ಊರುಗಳ ಗದ್ದೆಯಲ್ಲಿ ಚುಕ್ತಾ ಆಗುತ್ತದೆ.

ನಾನು ಹೋದಾಗ ಮಳೆಗಾಲ ಮುಗಿದಿತ್ತು. ಹೊಳೆ ತನ್ನ ಪಾತ್ರದಲ್ಲಿತ್ತು. ದಂಡೆಯಲ್ಲಿ ಒಬ್ಬರು ಹಿರಿಯರು ಪಂಪ್‌ಸೆಟ್ ಬಳಿ ಕೂತು ಪೈಪಿನ ಬಾಯಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುತ್ತಿದ್ದರು. ಒಂದೊಂದು ಸುತ್ತನ್ನೂ ಹಲ್ಲು ಕಚ್ಚಿ ಎಳೆದು, ಹೆಬ್ಬೆರಳಲ್ಲಿ ಒತ್ತಿ, ಮತ್ತೆ ಸುತ್ತು.

'ನೀರು ಬಂದಾಗ ಮೋಟರ್ ಏನು ಮಾಡ್ತೀರಿ ತಾತ?' ಅಂದೆ.

'ಬಿಚ್ಕಂಡು ಮೇಲಕ್ಕ ಹೊತ್ಕ ಹೋಗದು. ಕಬಿನೀಲಿ ಎಷ್ಟು ಬುಟ್ಟವ್ರೆ, ಕನ್ನಂಬಾಡೀಲಿ ಎಷ್ಟು ಬುಟ್ಟವ್ರೆ ಅಂತ ಕೇಳ್ಕಂಡೇ ಇರ್ತೀವಿ. ಒಂದೇ ಆದ್ರ ತಡ್ಕಬೋದು. ಎಲ್ಡೂ ಬಂದ್ರ ಊರೊಳಕ್ಕೇ ಬತ್ತದ.'

'ಆಮೇಲೆ?'

'ಆಮ್ಯಾಲೇನು? ಗಂಜಿ ಕೇಂದ್ರ. ನೀರು ಇಳುದ್ಮೇಲ ಬಂದು ಮನ ತೊಳ್ಕಳದು.'

ದೂರಿನ ದನಿಯಿರಲಿಲ್ಲ ಅದರಲ್ಲಿ, ಬೇಸಾಯದ ಒಂದು ಕೆಲಸ ವಿವರಿಸಿದ ಹಾಗಿತ್ತು. ಕ್ಯೂಸೆಕ್ಕಿನ ಅಂಕಿ ನಮಗೆ ಸುದ್ದಿ. ಇಲ್ಲಿ ಅದು ದನ ಬಿಚ್ಚುವ ಹೊತ್ತನ್ನು ಹೇಳುವ ಗಡಿಯಾರ.

ಮಧ್ಯಾಹ್ನದ ಮೇಲೆ ಅದೇ ನೀರಿನ ಹಿಂದೆ ಶಿವನಸಮುದ್ರಕ್ಕೆ ಹೋದೆ. ಕಾವೇರಿ ಇಲ್ಲಿ ಎರಡಾಗಿ ಸೀಳಿ ನಡುವೆ ಒಂದು ನಡುಗಡ್ಡೆ ಬಿಟ್ಟಿದೆ. ಉಮ್ಮತ್ತೂರಿನ ಗಂಗರಾಜ ಕೋಟೆ ಕಟ್ಟಿಕೊಂಡು ಕೂತಿದ್ದು ಇಲ್ಲಿ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲೇ ದಂಡೆತ್ತಿ ಬಂದು ಅವನನ್ನು ಸೋಲಿಸಿದ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗದ ನಡುವೆ ಮಧ್ಯರಂಗನಾಗಿ ಮಲಗಿರುವ ಸ್ವಾಮಿಗೆ ಕೈಮುಗಿದು ಹಳೇ ಸೇತುವೆಯ ಹತ್ತಿರ ಬಂದೆ.

ಜನ ಇದನ್ನು ವೆಸ್ಲಿ ಸೇತುವೆ ಅನ್ನುತ್ತಾರೆ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಹೊತ್ತಿದ್ದರೂ ಕಟ್ಟಿಸಿದವರು ಇಂಗ್ಲಿಷರಲ್ಲ. ಮೈಸೂರು ರೆಸಿಡೆಂಟರ ಕೈಕೆಳಗೆ ಕೆಲಸ ಮಾಡುತ್ತಿದ್ದ ರಾಮಸ್ವಾಮಿ ಮುದಲಿಯಾರ್ 1830ರ ಆಸುಪಾಸಿನಲ್ಲಿ ಮುಗಿಸಿದ ಕೆಲಸ ಇದು. ಇನ್ನೊಂದು ಕವಲಿನ ಸೇತುವೆಗೆ ಮದ್ರಾಸಿನ ಗವರ್ನರ್ ಲಷಿಂಗ್ಟನ್ ಹೆಸರಿಟ್ಟರು. ಪ್ರತಿಯಾಗಿ ಮುದಲಿಯಾರರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದೂ, ಬ್ರಿಟಿಷ್ ಸರ್ಕಾರ ಮತ್ತು ಮೈಸೂರು ಎರಡೂ ಕಡೆಯಿಂದ ಜಹಗೀರು ಹಳ್ಳಿಗಳೂ ಬಂದವು.

ಕಮಾನಿಲ್ಲದ ಸೇತುವೆ. ಹೊಳೆಯ ಬಂಡೆಗೆ ಕಲ್ಲುಕಂಬ ನೆಟ್ಟು ಮೇಲೆ ಕಲ್ಲುತೊಲೆ ಹಾಸಿದ್ದಾರೆ, ಅಷ್ಟೇ. ನೀರು ಕಂಬಗಳ ಸಂದಿಯಲ್ಲಿ ನುಗ್ಗಿ ಹೋಗಲು ಬಿಟ್ಟದ್ದರಿಂದಲೇ ಇದು ಇಷ್ಟು ಕಾಲ ಬಾಳಿತು. ಆದರೆ 2018ರ ಪ್ರವಾಹದಲ್ಲಿ ಇದರದೂ ಒಂದು ಭಾಗ ಕೊಚ್ಚಿಹೋಯಿತು.

ಇಲ್ಲಿಂದ ಮುಂದೆ ನೀರು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಶೇಷಾದ್ರಿ ಅಯ್ಯರ್ ದಿವಾನಗಿರಿಯಲ್ಲಿ ಶುರುವಾದ ವಿದ್ಯುದಾಗಾರದಿಂದ 1902ರ ಜೂನ್ 30ರಂದು ಕರೆಂಟು ಹೊರಟಿದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರಲ್ಲಿ. ಮೊದಲ ಬೆಳಕು ಗಣಿಗೆ, ಆಮೇಲೆ ಪೇಟೆಗೆ. ಹೊಳೆದಂಡೆಯ ಹಳ್ಳಿಗಳು ಸಾಲಿನ ಕೊನೆಗೆ.

ಭರಚುಕ್ಕಿ ನೋಡಲು ಯಾವ ತಿಂಗಳು ಚೆನ್ನ ಎಂದು ಎಲ್ಲರೂ ಕೇಳುತ್ತಾರೆ. ಜುಲೈ, ಆಗಸ್ಟ್ ಎಂದೇ ಎಲ್ಲರೂ ಹೇಳುತ್ತಾರೆ. ಆಗ ಬಂಡೆ ಕಾಣದ ಹಾಗೆ ಬೋರ್ಗರೆಯುತ್ತದೆ, ಕಾರುಗಳ ಸಾಲು ನಿಲ್ಲುತ್ತದೆ. ನನ್ನ ಸಲಹೆ ಬೇರೆ. ಕಾರ್ತಿಕದಲ್ಲಿ ಬನ್ನಿ. ಜಲಪಾತ ಸ್ವಲ್ಪ ಸಣ್ಣದಾಗಿರುತ್ತದೆ, ಆದರೆ ಸೇತುವೆಯ ಕಂಬಗಳು ಬುಡದವರೆಗೆ ಕಾಣುತ್ತವೆ, ಮುಳ್ಳೂರಿನ ದಾರಿ ತೆರೆದಿರುತ್ತದೆ. ಇಲ್ಲ, ಆಗಸ್ಟಿನಲ್ಲೇ ಬರುವವರಿದ್ದರೆ ಅವರೂ ಬರಲಿ. ಕಣ್ಣೆದುರು ಧುಮುಕುತ್ತಿರುವ ನೀರು ಸ್ವಲ್ಪ ಮುಂಚೆ ಯಾವ ಊರುಗಳ ಗದ್ದೆ ದಾಟಿ ಬಂತು ಎಂದು ಮಾತ್ರ ವಿಚಾರಿಸಲಿ.