ಸುದ್ದಿ ಹೊತ್ತ ಹಾಳೆಯ ಊರು

ನಿವೃತ್ತ ಪತ್ರಕರ್ತರು ನಾಲ್ಕು ಜನ ಒಟ್ಟಿಗೆ ಊಟಕ್ಕೆ ಕುಳಿತರೆಂದರೆ ಎಲೆಯ ಮೇಲಿನ ಅನ್ನ ಆರುವುದು ಖಂಡಿತ. ಶಿವಮೊಗ್ಗದಲ್ಲಂತೂ ಮಾತಿಗೆ ಬರವಿಲ್ಲ. ಹಿರಿಯರಿಂದ ಕೇಳಿದ 1951ರ ಕಾಗೋಡು ಸತ್ಯಾಗ್ರಹದಿಂದ ಮಾತು ಶುರುವಾದರೆ 1975ರ ತುರ್ತುಪರಿಸ್ಥಿತಿಯ ಸೆನ್ಸಾರ್, 1978ರಲ್ಲಿ ಇಂದಿರಾ ಗಾಂಧಿಯವರು ಪಕ್ಕದ ಚಿಕ್ಕಮಗಳೂರಿನಲ್ಲಿ ಗೆದ್ದ ಉಪಚುನಾವಣೆ, ಎಲ್ಲವೂ ಬಂದುಹೋಗುತ್ತವೆ. ಒತ್ತಕ್ಷರದ ಮೊಳೆ ಸಾಲದೆ ಶೀರ್ಷಿಕೆಯನ್ನೇ ಬದಲಿಸಿದ ರಾತ್ರಿಗಳು, ಕೊನೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟ ಸುದ್ದಿಯ ಲಕೋಟೆ, ತಂತಿ ಕಚೇರಿಯ ಮುಂದಿನ ಕಾಯುವಿಕೆ – ಇವೆಲ್ಲ ಪಾಯಸ ಬರುವ ಹೊತ್ತಿಗೆ ಇನ್ನಷ್ಟು ರುಚಿಯಾಗಿರುತ್ತವೆ.

ಈ ಮಾತುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಒಂದೇ: ಸುದ್ದಿಯನ್ನು ಹೊತ್ತ ಕಾಗದ. ಅದರ ಊರು ದೂರವೇನೂ ಇಲ್ಲ. ಬಿ.ಎಚ್. ರಸ್ತೆಯಲ್ಲಿ ಬಸ್ಸು ಹತ್ತಿ ಮಾಚೇನಹಳ್ಳಿ ದಾಟಿದರೆ, ಸುಮಾರು 20 ಕಿ.ಮೀ. ದೂರದಲ್ಲಿ ಭದ್ರಾವತಿ. ತುಂಗೆಯ ದಡದಿಂದ ಭದ್ರೆಯ ದಡಕ್ಕೆ ಅರ್ಧ ಮುಕ್ಕಾಲು ಗಂಟೆಯ ಪ್ರಯಾಣ.

ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ, 1936ರಲ್ಲಿ, ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಮಲೆನಾಡಿನ ಬಿದಿರು, ಭದ್ರೆಯ ನೀರು ಎರಡೂ ಕೈಗೆಟಕುವಂತಿದ್ದ ಜಾಗ ಅದು. ಆದರೆ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ಇಲ್ಲಿ ತಯಾರಾಗತೊಡಗಿದ್ದು 1981ರಲ್ಲಿ. ಅದಕ್ಕೂ ಮೊದಲು ದೇಶದೊಳಗಿನ ಆಸರೆಯೆಂದರೆ 1955ರಲ್ಲಿ ಉತ್ಪಾದನೆ ಆರಂಭಿಸಿದ ಮಧ್ಯಪ್ರದೇಶದ ನೇಪಾನಗರದ ಗಿರಣಿ. ಉಳಿದದ್ದು ಹಡಗಿನಲ್ಲಿ ಬರಬೇಕಿತ್ತು. ಕಾಗದದ ಕೊರತೆಯ ಕಾರಣ ಹೇಳಿ ಕೇಂದ್ರ ಸರ್ಕಾರ ಪತ್ರಿಕೆಗಳಿಗೆ ಹತ್ತು ಪುಟಗಳ ಮಿತಿ ಹಾಕಿದ್ದೂ, ಸುಪ್ರೀಂ ಕೋರ್ಟ್ 1972ರಲ್ಲಿ ಅದನ್ನು ತಳ್ಳಿಹಾಕಿದ್ದೂ ಆ ಕಾಲದ ಸಂಗತಿ. ಕಾಗದವನ್ನು ಹಿಡಿದವನಿಗೆ ಮಾತನ್ನೂ ಹಿಡಿಯಬಹುದಿತ್ತು.

ನ್ಯೂಸ್‌ಪ್ರಿಂಟ್‌ನ ಗುಟ್ಟು ಅದರ ಅಗ್ಗದಲ್ಲಿದೆ. ಬರೆಯುವ ಒಳ್ಳೆಯ ಕಾಗದಕ್ಕಾದರೆ ಮರದ ಚೂರುಗಳನ್ನು ರಾಸಾಯನಿಕಗಳಲ್ಲಿ ಬೇಯಿಸಿ, ನಾರುಗಳನ್ನು ಅಂಟಿಸಿಕೊಂಡಿರುವ ಲಿಗ್ನಿನ್ ಎಂಬ ವಸ್ತುವನ್ನು ತೆಗೆಯುತ್ತಾರೆ. ನ್ಯೂಸ್‌ಪ್ರಿಂಟ್‌ನಲ್ಲಿ ಬಹುಪಾಲು ಮರವನ್ನು ಯಂತ್ರದಲ್ಲಿ ಅರೆದು ತಿರುಳು ಮಾಡುವುದರಿಂದ ಲಿಗ್ನಿನ್ ಉಳಿದುಬಿಡುತ್ತದೆ. ಮರದ ಹೆಚ್ಚು ಭಾಗ ಕಾಗದವಾಗುತ್ತದೆ, ಬೆಲೆ ಇಳಿಯುತ್ತದೆ. ಆದರೆ ಬಿಸಿಲು, ಗಾಳಿ ಸೋಕಿದಂತೆ ಲಿಗ್ನಿನ್ ಬದಲಾಗಿ ಹಾಳೆ ಹಳದಿಗಟ್ಟುತ್ತದೆ, ಅಂಚು ಪುಡಿಯಾಗುತ್ತದೆ. ಒಂದು ದಿನ ಬಾಳಲೆಂದೇ ಹುಟ್ಟಿದ ಹಾಳೆಯ ಮೇಲೆ ಒಂದು ಜಿಲ್ಲೆಯ ಚರಿತ್ರೆ ಅಚ್ಚಾಗಿದೆ.

ಭದ್ರಾವತಿಯ ಗಿರಣಿಯಲ್ಲಿ ಕಾಗದದ ಉತ್ಪಾದನೆ 2015ರಲ್ಲಿ ನಿಂತಿತು. ಪಾಳಿಯ ಕೆಲಸಕ್ಕೆ ಹೋಗಿಬರುವವರಿಂದ ತುಂಬಿರುತ್ತಿದ್ದ ಪೇಪರ್ ಟೌನಿನ ಬೀದಿಗಳಿಂದ ಆ ಗಡಿಬಿಡಿ ಹೋಯಿತು. ಸಂಬಳದ ದಿನವನ್ನೇ ನೆಚ್ಚಿದ್ದ ಅಂಗಡಿಗಳಿಗೆ ಅದು ಸಣ್ಣ ಪೆಟ್ಟಲ್ಲ.

ಪತ್ರಿಕಾ ಕಚೇರಿಯಲ್ಲಿ ದೀಪ ಉರಿಯುತ್ತಿದ್ದ ಹೊತ್ತಿನಲ್ಲೇ ಇಲ್ಲಿಯೂ ರಾತ್ರಿಪಾಳಿ ಇತ್ತು. ಓಡುವ ಹಾಳೆ ನಡುವೆ ಹರಿದರೆ ಧಾವಿಸುತ್ತಿದ್ದವರು, ತಿರುಳಿನ ಹದವನ್ನು ಬೆರಳಿನಲ್ಲೇ ಅಳೆಯುತ್ತಿದ್ದವರು ಕೂಡ ಸುದ್ದಿಮನೆಯ ಬಂಧುಗಳೇ. ಸುದ್ದಿ ಬರೆದವರು ತಮ್ಮ ನೆನಪನ್ನು ಹೇಗೋ ಬರೆದಿಟ್ಟಾರು. ಹಾಳೆ ಮಾಡಿದವರಿಗೂ ವಯಸ್ಸಾಗುತ್ತಿದೆ. ಅವರ ಬಾಯಲ್ಲಿರುವ ಕಥೆಗೆ ಈಗಲೇ ಒಬ್ಬ ವರದಿಗಾರ ಬೇಕು.